ಸದ್ದಿಲ್ಲದ ಕಂಪ್ಯೂಟರ್: ನೀರಿನ ಕೂಲರ್ ಬೇಕಾ, ಗಾಳಿಯದ್ದು ಸಾಕಾ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ನಿಮ್ಮ ಊರಿನ ಅಂಗಡಿಯಲ್ಲೋ ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಲು ಹೋದರೆ ಈಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಏರ್ ಕೂಲರ್ ಹಾಕ್ಲಾ ಸಾರ್, ಲಿಕ್ವಿಡ್ ಹಾಕ್ಲಾ?" ನೀವು ಯೋಚನೆ ಮಾಡುವಷ್ಟರಲ್ಲಿ ಉತ್ತರವನ್ನೂ ಅವರೇ ಕೊಡುತ್ತಾರೆ. "ಲಿಕ್ವಿಡ್ ಹಾಕಿಸ್ಬಿಡಿ, ಸೌಂಡೇ ಬರಲ್ಲ." ಇಲ್ಲಿ ಕೂಲರ್ ಅಂದರೆ ಕಂಪ್ಯೂಟರಿನ ಪ್ರೊಸೆಸರ್ ಚಿಪ್ಪಿನ ಬಿಸಿಯನ್ನು ಹೊರಹಾಕುವ ಭಾಗ.

ಹದಿನೈದು ವರ್ಷದ ಹಿಂದೆ ಹೆಚ್ಚಿನವರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪ್ರೊಸೆಸರ್ ಡಬ್ಬಿಯಲ್ಲೇ ಒಂದು ಪುಟ್ಟ ಫ್ಯಾನ್ ಬರುತ್ತಿತ್ತು, ಅದನ್ನೇ ಕೂರಿಸಿ ಕಳಿಸುತ್ತಿದ್ದರು. ಈಗ ಇಂಟೆಲ್‌ನ, ಹೆಸರಿನ ಕೊನೆಗೆ 'ಕೆ' ಇರುವ ಚಿಪ್‌ಗಳ ಜೊತೆ ಕೂಲರ್ ಬರುವುದಿಲ್ಲ. ಎಎಂಡಿಯ ರೈಜೆನ್ 7600ಎಕ್ಸ್, 7800ಎಕ್ಸ್3ಡಿ ಥರದವುಗಳಿಗೂ ಇಲ್ಲ. ಬೇರೆ ಕೊಳ್ಳಲೇಬೇಕು. ಅದೂ ಅಲ್ಲದೆ ಮನೆಯಿಂದ ಕೆಲಸ, ಆನ್‌ಲೈನ್ ಕ್ಲಾಸು, ಯೂಟ್ಯೂಬ್ ರೆಕಾರ್ಡಿಂಗ್ ಎಲ್ಲ ಶುರುವಾದ ಮೇಲೆ ಕಂಪ್ಯೂಟರಿನ ಗುಯ್‌ಗುಡುವಿಕೆ ನಮ್ಮ ಕಿವಿಗಷ್ಟೇ ಅಲ್ಲ, ಮೈಕಿಗೂ ಕೇಳುತ್ತದೆ.

ಸದ್ದು ಬೇಡ ಅನ್ನುವ ಹೆಚ್ಚಿನವರಿಗೆ ಒಳ್ಳೆಯ ಗಾಳಿ ಕೂಲರ್ ಸಾಕು, ಎಷ್ಟೋ ಸಲ ಅದೇ ವಾಸಿ ಕೂಡ. ನೀರಿನದ್ದು ನಿಜಕ್ಕೂ ಗೆಲ್ಲುವ ಸಂದರ್ಭಗಳೂ ಇವೆ, ಆದರೆ ಅವು ಕಡಿಮೆ. ಯಾಕೆ ಹೀಗೆ ಅನ್ನುವುದಕ್ಕೆ ಬಿಸಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಬೇಕು.

ಎಷ್ಟು ವಾಟ್, ಅಷ್ಟು ಬಿಸಿ

ಪ್ರೊಸೆಸರ್ ಎಷ್ಟು ಕರೆಂಟ್ ಎಳೆಯುತ್ತದೋ ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. 100 ವಾಟ್ ಒಳಗೆ ಹೋದರೆ 100 ವಾಟ್ ಬಿಸಿ ಹೊರಗೆ. ಹಾಗಾಗಿ ಕೂಲರ್ ಆರಿಸುವ ಮೊದಲು ನಿಮ್ಮ ಚಿಪ್ ಎಷ್ಟು ವಾಟಿನದು ಅಂತ ಗೊತ್ತಿರಬೇಕು.

ಇಲ್ಲಿ ಒಂದು ಎಚ್ಚರ. ಡಬ್ಬಿ ಮೇಲಿನ ಅಂಕಿಯೇ ಪೂರ್ತಿ ಲೆಕ್ಕವಲ್ಲ. ಇಂಟೆಲ್ ಕೋರ್ ಐ5-13400ಕ್ಕೆ 65 ವಾಟ್ ಅಂತ ಇರುತ್ತದೆ. ಅದು ಮೂಲ ವೇಗದ ಲೆಕ್ಕ. ಪೂರ್ತಿ ವೇಗಕ್ಕೆ ಹೋದಾಗ 148 ವಾಟ್‌ವರೆಗೆ ಎಳೆಯಬಹುದು ಅಂತ ಇಂಟೆಲ್ಲೇ ಹೇಳುತ್ತದೆ. ಕೋರ್ ಐ9-14900ಕೆ ಮೇಲೆ 125 ಅಂತ ಇದ್ದರೆ ಗರಿಷ್ಠ 253. ಎಎಂಡಿಯಲ್ಲಿ ರೈಜೆನ್ 5 7600ಕ್ಕೆ 65 ಅಂದರೆ ನಿಜದಲ್ಲಿ 88ರವರೆಗೆ, ರೈಜೆನ್ 9 7950ಎಕ್ಸ್‌ಗೆ 170 ಅಂದರೆ 230ರವರೆಗೆ.

ಇಷ್ಟು ಬಿಸಿ ಹುಟ್ಟುವ ಜಾಗ ನೋಡಿದರೆ ಆಶ್ಚರ್ಯವಾಗುತ್ತದೆ. ರೈಜೆನ್ 7000 ಸರಣಿಯಲ್ಲಿ ಎಂಟು ಕೋರ್‌ಗಳಿರುವ ಒಂದು ತುಣುಕಿನ ವಿಸ್ತಾರ ಸುಮಾರು 70 ಚದರ ಮಿಲಿಮೀಟರ್ ಅಷ್ಟೇ. ಆ ಚೂರಿನಿಂದ ಬಿಸಿಯನ್ನು ಮೇಲಿನ ಲೋಹದ ಮುಚ್ಚಳಕ್ಕೆ ತರುವುದೇ ದೊಡ್ಡ ಕಷ್ಟ. ಅದಕ್ಕೇ ಎಷ್ಟು ದುಬಾರಿ ನೀರಿನ ಕೂಲರ್ ಹಾಕಿದರೂ 7950ಎಕ್ಸ್ ಪೂರ್ತಿ ಕೆಲಸ ಮಾಡುವಾಗ 95 ಡಿಗ್ರಿ ತೋರಿಸಬಹುದು. ಅದು ಕೆಟ್ಟಿದೆ ಅಂತಲ್ಲ. ಎಎಂಡಿ ಆ ಚಿಪ್‌ಗೆ ಇಟ್ಟಿರುವ ಮಿತಿಯೇ 95. ಐ9-14900ಕೆಗೆ 100, 7800ಎಕ್ಸ್3ಡಿಗೆ 89. ಮಿತಿ ಮುಟ್ಟಿದಾಗ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ತಂಪು ಮತ್ತು ಸದ್ದು ಎರಡು ಬೇರೆ ವಿಷಯ ಅನ್ನುವುದನ್ನು ಇಲ್ಲೇ ಗಮನಿಸಿ. ಸುಮ್ನೆ 75ರಿಂದ 65 ಡಿಗ್ರಿಗೆ ಇಳಿಸಬೇಕು ಅಂತ ಫ್ಯಾನ್ ಓಡಿಸಿದರೆ ಚಿಪ್‌ಗೆ ಹೇಳಿಕೊಳ್ಳುವ ಲಾಭವಿಲ್ಲ, ಕಿವಿಗೆ ನಷ್ಟವಿದೆ.

ಗಾಳಿ ಕೂಲರಿನೊಳಗೂ ನೀರಿದೆ

ಗಾಳಿ ಕೂಲರ್ ಅಂದರೆ ಬರೀ ಲೋಹ, ನೀರಿನ ಕೂಲರ್ ಅಂದರೆ ಗಾಳಿಯೇ ಬೇಡ, ಹೀಗೊಂದು ಕಲ್ಪನೆ ಇದೆ. ಎರಡೂ ತಪ್ಪು.

ಗೋಪುರದ ಥರ ಎದ್ದು ನಿಂತಿರುವ ಟವರ್ ಕೂಲರ್ ನೋಡಿರುತ್ತೀರಿ. ತಳದಲ್ಲಿ ತಾಮ್ರದ ಪ್ಲೇಟು, ಅಲ್ಲಿಂದ ಮೇಲೇಳುವ ನಾಲ್ಕೋ ಆರೋ ತಾಮ್ರದ ಕೊಳವೆ, ಆ ಕೊಳವೆಗಳಿಗೆ ಪೋಣಿಸಿದ ಅಲ್ಯೂಮಿನಿಯಂ ತಗಡುಗಳು, ಪಕ್ಕದಲ್ಲಿ ಫ್ಯಾನು. ಆ ಕೊಳವೆಗಳೇ ಹೀಟ್ ಪೈಪ್. ಒಳಗಿನ ಗಾಳಿಯನ್ನೆಲ್ಲ ತೆಗೆದು, ಚೂರೇ ಚೂರು ನೀರು ಬಿಟ್ಟು ಎರಡೂ ತುದಿ ಮುಚ್ಚಿರುತ್ತಾರೆ. ಒಳಗೆ ಗಾಳಿಯ ಒತ್ತಡ ಇಲ್ಲದಿರುವುದರಿಂದ ನೀರು ಆವಿಯಾಗಲು 100 ಡಿಗ್ರಿ ಆಗಬೇಕಿಲ್ಲ, ಚಿಪ್ಪಿನ ಸಾಧಾರಣ ಬಿಸಿಗೇ ಆವಿಯಾಗುತ್ತದೆ. ಆವಿ ಮೇಲಿನ ತಗಡುಗಳ ಹತ್ತಿರ ಹೋಗಿ ತಣಿದು ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಯಲ್ಲಿರುವ ಸಣ್ಣ ರಂಧ್ರಗಳ ಪದರ ಅದನ್ನು ಕೆಳಕ್ಕೆ ಎಳೆದುಕೊಂಡು ಬರುತ್ತದೆ. ಮೋಟಾರಿಲ್ಲ, ಪಂಪಿಲ್ಲ, ಸವೆಯುವ ಭಾಗವೇ ಇಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಇದು ಉಪಗ್ರಹಗಳಿಗೆ ಹೋಯಿತು, ಆಮೇಲೆ ಲ್ಯಾಪ್‌ಟಾಪ್‌ಗಳಿಗೆ ಬಂತು.

ಇನ್ನು ನೀರಿನ ಕೂಲರ್. ಅಂಗಡಿಯಲ್ಲಿ 'ಎಐಒ' ಅಂತ ಕರೆಯುವುದು ಕಾರ್ಖಾನೆಯಲ್ಲೇ ನೀರು ತುಂಬಿ ಸೀಲ್ ಮಾಡಿದ ಸೆಟ್ಟು. ಚಿಪ್ ಮೇಲೆ ಒಂದು ತಾಮ್ರದ ತಳ, ಅದರೊಳಗೆ ಕೂದಲೆಳೆಯ ಥರದ ಕಾಲುವೆಗಳು. ಸಾಮಾನ್ಯವಾಗಿ ಅದರ ಮೇಲೆಯೇ ಪಂಪು. ಅಲ್ಲಿಂದ ಎರಡು ರಬ್ಬರ್ ಟ್ಯೂಬು, ಕೊನೆಗೆ ರೇಡಿಯೇಟರ್ ಮತ್ತು ಅದರ ಮೇಲೆ ಫ್ಯಾನುಗಳು. 240 ಅಂದರೆ 120 ಮಿ.ಮೀ.ನ ಎರಡು ಫ್ಯಾನು, 280 ಅಂದರೆ 140ರ ಎರಡು, 360 ಅಂದರೆ 120ರ ಮೂರು.

ನೋಡಿ, ಕೊನೆಗೆ ಅಲ್ಲೂ ಫ್ಯಾನೇ. ಬಿಸಿ ಹೋಗಿ ಸೇರುವುದು ಕೋಣೆಯ ಗಾಳಿಗೇ. ಅಲ್ಲಿಗೆ ಸಾಗಿಸುವ ದಾರಿ ಮಾತ್ರ ಬೇರೆ: ಒಂದರಲ್ಲಿ ಆವಿ ತಾನಾಗಿ ಓಡುತ್ತದೆ, ಇನ್ನೊಂದರಲ್ಲಿ ಪಂಪ್ ನೀರನ್ನು ತಳ್ಳುತ್ತದೆ. ನೀರಿನ ದಾರಿಯ ಲಾಭ ಏನೆಂದರೆ ರೇಡಿಯೇಟರನ್ನು ಚಿಪ್ಪಿನಿಂದ ದೂರ, ಕೇಸಿನ ಗೋಡೆಗೆ ಕೂರಿಸಬಹುದು. ಹಾಗಾಗಿ ಅದನ್ನು ದೊಡ್ಡದಾಗಿ ಮಾಡಬಹುದು.

ಫ್ಯಾನಿನ ಲೆಕ್ಕ

ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬಲ್ ಬಿದ್ದುಹೋಗುತ್ತದೆ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಅಂದರೆ 15 ಅನ್ನುವುದು ಬಹಳ ದೊಡ್ಡ ಇಳಿತ.

ಇನ್ನೊಂದು ಕಡೆ, ಒಂದೇ ಥರದ ಎರಡು ಫ್ಯಾನ್ ಸೇರಿದರೆ ಸದ್ದು ಏರುವುದು ಬರೀ 3 ಡೆಸಿಬಲ್, ಮೂರು ಸೇರಿದರೆ ಸುಮಾರು 5. ಈಗ ಕೂಡಿ ಕಳೆಯಿರಿ. ಒಂದು ಫ್ಯಾನ್ ನಿಮಿಷಕ್ಕೆ 1,400 ಸುತ್ತು ತಿರುಗುತ್ತಿದೆ. ಅದರ ಬದಲು ಅಂಥದ್ದೇ ಮೂರು ಫ್ಯಾನ್ 700ಕ್ಕೆ ತಿರುಗಿದರೆ ಗಾಳಿ ಒಂದೂವರೆ ಪಟ್ಟು ಸಿಗುತ್ತದೆ, ಸದ್ದು 10 ಡೆಸಿಬಲ್ ಕಡಿಮೆ. ಜಾಸ್ತಿ ಗಾಳಿ, ಅರ್ಧ ಸದ್ದು. ಸದ್ದಿಲ್ಲದ ಕಂಪ್ಯೂಟರಿನ ಗುಟ್ಟೆಲ್ಲ ಇಷ್ಟೇ: ದೊಡ್ಡ ಫ್ಯಾನು, ಜಾಸ್ತಿ ಫ್ಯಾನು, ನಿಧಾನ ವೇಗ. ಡಬ್ಬಿಯಲ್ಲಿ ಬರುವ ಪುಟ್ಟ ಕೂಲರ್ ಕಿರುಚುವುದು ಅದಕ್ಕೇ. ಅದರ ಫ್ಯಾನ್ ಚಿಕ್ಕದು, ಜೋರಾಗಿ ತಿರುಗದೆ ಬೇರೆ ದಾರಿಯಿಲ್ಲ.

ಈ ಲೆಕ್ಕದಲ್ಲಿ ಮೂರು ಫ್ಯಾನಿನ ರೇಡಿಯೇಟರ್ ಮುಂದೆ ಬರುತ್ತದೆ ಅಲ್ವಾ? ಹೌದು, 200-250 ವಾಟ್ ಹೊತ್ತುಗಟ್ಟಲೆ ಸುರಿಯುತ್ತಿದ್ದರೆ. ಆದರೆ ಅದರ ಜೊತೆಗೆ ಪಂಪ್ ಇದೆಯಲ್ಲ.

ನಿಲ್ಲಿಸಲಾಗದ ಸದ್ದು

ಪಂಪ್ ಸದಾ ತಿರುಗುತ್ತಿರಬೇಕು. ನಿಮಿಷಕ್ಕೆ ಸಾವಿರಾರು ಸುತ್ತು. ನೀವು ಏನೂ ಮಾಡದೆ ಪಿಡಿಎಫ್ ಓದುತ್ತಿದ್ದರೂ ಅದು ನಿಲ್ಲುವಂತಿಲ್ಲ, ನಿಂತರೆ ನೀರು ಹರಿಯುವುದಿಲ್ಲ.

ಪಂಪಿನ ಸದ್ದು ಡೆಸಿಬಲ್ ಲೆಕ್ಕದಲ್ಲಿ ಸಣ್ಣದೇ. ತೊಂದರೆ ಇರುವುದು ಅದರ ಬಗೆಯಲ್ಲಿ. ನಿಧಾನವಾಗಿ ತಿರುಗುವ ಫ್ಯಾನಿನದು ಸುಯ್ ಅನ್ನುವ ಹರಡಿದ ಸದ್ದು, ಸ್ವಲ್ಪ ಹೊತ್ತಿಗೆ ಕಿವಿ ಅದನ್ನು ಮರೆತುಬಿಡುತ್ತದೆ. ಪಂಪಿನದು ಒಂದೇ ಶ್ರುತಿಯ ಗುಂಯ್. ಸಣ್ಣದಾದರೂ ಎದ್ದು ಕೇಳುತ್ತದೆ. ಎಲ್ಲ ಪಂಪುಗಳೂ ಹೀಗಲ್ಲ, ಒಳ್ಳೆಯವು ಒಂದು ಮಾರು ದೂರಕ್ಕೆ ಕೇಳುವುದೇ ಇಲ್ಲ. ಆದರೆ ಒಂದೇ ಮಾಡೆಲ್‌ನಲ್ಲೂ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇರುತ್ತದೆ.

ಈಗ ದಿನವಿಡೀ ನಿಮ್ಮ ಕಂಪ್ಯೂಟರ್ ಏನು ಮಾಡುತ್ತದೆ ಅಂತ ನೋಡಿ. ಬ್ರೌಸರು, ಎಕ್ಸೆಲ್ಲು, ವಿಡಿಯೋ ಕಾಲು. ಇವುಗಳಿಗೆ ಪ್ರೊಸೆಸರ್ ತನ್ನ ಮಿತಿಯ ಒಂದು ಸಣ್ಣ ಪಾಲು ಮಾತ್ರ ಎಳೆಯುತ್ತದೆ. ಆಗ ದೊಡ್ಡ ಟವರ್ ಕೂಲರಿನ ಫ್ಯಾನ್ 400-500 ಸುತ್ತಿಗೆ ಇಳಿದು ಕಿವಿಗೆ ಬೀಳುವುದೇ ಇಲ್ಲ. ಎಐಒನಲ್ಲೂ ಫ್ಯಾನ್ ಅಷ್ಟಕ್ಕೇ ಇಳಿಯುತ್ತದೆ, ಆದರೆ ಪಂಪ್ ಉಳಿಯುತ್ತದೆ. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಕೇಳುವುದು ಅದೇ. ಸೊನ್ನೆ ಸದ್ದು ಬೇಕು ಅಂದರಂತೂ ಗಾಳಿಯ ದಾರಿಯೇ ಗತಿ. ಆಸ್ಟ್ರಿಯಾದ ನಾಕ್ಟುವಾ 2021ರಲ್ಲಿ ಫ್ಯಾನೇ ಇಲ್ಲದ ಎನ್‌ಎಚ್-ಪಿ1 ಕೂಲರ್ ತಂದಿತು. ಕಡಿಮೆ ವಾಟಿನ ಚಿಪ್‌ಗೆ, ಗಾಳಿಯಾಡುವ ಕೇಸಿಗೆ ಮಾತ್ರ ಅದು ಸರಿ.

ನೀರಿನ ನಿಜವಾದ ಲಾಭ

ಸದ್ದಿನ ವಿಷಯದಲ್ಲಿ ನೀರಿಗೆ ಒಂದು ಒಳ್ಳೆಯ ಗುಣವಿದೆ, ಅಂಗಡಿಯವರು ಅದನ್ನು ಹೇಳುವುದೇ ಕಡಿಮೆ. ಬಚ್ಚಲುಮನೆಯ ಹಂಡೆ ನೆನಪಿಸಿಕೊಳ್ಳಿ. ಒಲೆ ಹಚ್ಚಿದ ತಕ್ಷಣ ನೀರು ಬಿಸಿಯಾಗುವುದಿಲ್ಲ, ಬೆಂಕಿ ಆರಿಸಿದ ತಕ್ಷಣ ತಣ್ಣಗೂ ಆಗುವುದಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,180 ಜೂಲ್ ಬೇಕು. 100 ವಾಟಿನ ಚಿಪ್ ಅಷ್ಟು ಕೊಡಲು ಸುಮಾರು 42 ಸೆಕೆಂಡ್ ಹಿಡಿಯುತ್ತದೆ. ಎಐಒ ಒಳಗೆ ಒಂದು ಲೀಟರ್ ಇರುವುದಿಲ್ಲ, ಆದರೂ ನೀರು ಪೂರ್ತಿ ಬಿಸಿಯಾಗಲು ನಿಮಿಷಗಳೇ ಬೇಕು.

ಇದು ಯಾಕೆ ಮುಖ್ಯ? ಈಗಿನ ಚಿಪ್‌ಗಳು ಒಂದು ದೊಡ್ಡ ಫೈಲ್ ತೆರೆದರೂ ಕ್ಷಣದಲ್ಲಿ 45ರಿಂದ 75 ಡಿಗ್ರಿಗೆ ಜಿಗಿದು ಮತ್ತೆ ಇಳಿಯುತ್ತವೆ. ಫ್ಯಾನು ಆ ಜಿಗಿತವನ್ನೇ ನೋಡಿ ಓಡಿದರೆ ಭುರ್ರ್ ಅಂತ ಏರಿ, ಇಳಿದು, ಮತ್ತೆ ಏರುತ್ತದೆ. ಒಂದೇ ಸಮನಾದ ಸದ್ದಿಗಿಂತ ಹೀಗೆ ಏರಿಳಿಯುವ ಸದ್ದು ಹೆಚ್ಚು ಹಿಂಸೆ. ನೀರಿನ ಬಿಸಿ ನೋಡಿ ಫ್ಯಾನ್ ಓಡಿಸಿದರೆ ಇಂಥ ಚಿಕ್ಕ ಜಿಗಿತಗಳು ಗೊತ್ತೇ ಆಗುವುದಿಲ್ಲ.

ಆದರೆ ಎಲ್ಲ ಎಐಒಗಳಲ್ಲೂ ನೀರಿನ ಬಿಸಿ ಅಳೆಯುವ ಸೆನ್ಸರ್ ಇರುವುದಿಲ್ಲ. ಇಲ್ಲದಿದ್ದರೆ ಮದರ್‌ಬೋರ್ಡ್ ಚಿಪ್ಪಿನ ಬಿಸಿಯನ್ನೇ ನೋಡಿ ಫ್ಯಾನ್ ಓಡಿಸುತ್ತದೆ, ದುಡ್ಡು ಕೊಟ್ಟು ತಂದ ಲಾಭ ಅಲ್ಲೇ ಹೋಯಿತು. ಗಾಳಿ ಕೂಲರ್ ಇದ್ದವರು ಇದೇ ಪರಿಣಾಮವನ್ನು ಪುಕ್ಕಟೆ ಪಡೆಯಬಹುದು. ಬಯಾಸ್‌ನ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಫ್ಯಾನ್ ಸೆಟ್ಟಿಂಗ್‌ನಲ್ಲಿ ವೇಗ ಏರುವುದನ್ನು ಕೆಲವು ಸೆಕೆಂಡ್ ತಡಮಾಡುವ ಆಯ್ಕೆ ಹೆಚ್ಚಿನ ಬೋರ್ಡುಗಳಲ್ಲಿ ಇರುತ್ತದೆ. ಸುಮಾರು 65-70 ಡಿಗ್ರಿವರೆಗೆ ಫ್ಯಾನಿನ ಗೆರೆಯನ್ನು (ಎಷ್ಟು ಬಿಸಿಗೆ ಎಷ್ಟು ವೇಗ ಅಂತ ತೋರಿಸುವ ರೇಖೆ) ಮಟ್ಟಸವಾಗಿ ಇಟ್ಟರೆ ಅರ್ಧ ಗಲಾಟೆ ಮುಗಿಯುತ್ತದೆ. ವಿಂಡೋಸ್‌ಗೆ 'ಫ್ಯಾನ್ ಕಂಟ್ರೋಲ್' ಅನ್ನುವ ಉಚಿತ ತಂತ್ರಾಂಶವೂ ಇದೆ.

ಕಲಬುರಗಿಯ ಏಪ್ರಿಲ್‌ನಲ್ಲಿ

"ನಮ್ಮಲ್ಲಿ ಸೆಕೆ ಜಾಸ್ತಿ, ಅದಕ್ಕೆ ನೀರೇ ಬೇಕು" ಅನ್ನುವವರಿದ್ದಾರೆ. ಫ್ಯಾನು ಬೀಸುವ ಗಾಳಿ ಎಷ್ಟು ಬಿಸಿಯೋ ಅದಕ್ಕಿಂತ ಕೆಳಗೆ ಎರಡೂ ಇಳಿಸಲಾರವು. ಒಂದು ಕೂಲರ್ ಚಿಪ್ಪನ್ನು ಕೋಣೆಗಿಂತ 45 ಡಿಗ್ರಿ ಮೇಲೆ ಹಿಡಿಯುತ್ತದೆ ಅಂದುಕೊಳ್ಳಿ. 25 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ ಅದು 70 ತೋರಿಸುತ್ತದೆ. ಹೊರಗೆ 40 ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೊಳಗೂ 38 ಇದ್ದರೆ ಅದೇ ಕೂಲರ್ 83 ತೋರಿಸುತ್ತದೆ. ನೀರಿಗೂ ಇದೇ ಲೆಕ್ಕ. ಸೆಕೆಯ ಊರಿನಲ್ಲಿ ಕೂಲರ್ ಒಂದು ಸೈಜ್ ದೊಡ್ಡದಿರಲಿ ಅನ್ನುವುದು ಸರಿ, ನೀರಿನದೇ ಆಗಬೇಕು ಅನ್ನುವುದಕ್ಕೆ ಕಾರಣವಿಲ್ಲ. ಕೋಣೆಗೆ ಸುರಿಯುವ ಬಿಸಿ ಎರಡರಲ್ಲೂ ಅಷ್ಟಕ್ಕಷ್ಟೇ.

ಇದೇ ಕಾರಣಕ್ಕೆ ಮಂಗಳೂರಿನ ಮಳೆಗಾಲದಲ್ಲಿ ಟ್ಯೂಬ್ ಮೇಲೆ ಬೆವರಿನಂತೆ ನೀರು ಕೂರುತ್ತದೆ ಅನ್ನುವ ಭಯವೂ ಬೇಡ. ಟ್ಯೂಬು ಕೋಣೆಗಿಂತ ತಣ್ಣಗಾಗುವುದೇ ಇಲ್ಲ. ಅಂದಹಾಗೆ, ಬೇಸಿಗೆಯಲ್ಲಿ ತಲೆ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುವಾಗ ಕಂಪ್ಯೂಟರಿನ ಸದ್ದು ಯಾರಿಗೆ ಕೇಳಬೇಕು! ಕೂಲರಿನ ನಿಜವಾದ ಪರೀಕ್ಷೆ ಡಿಸೆಂಬರ್ ರಾತ್ರಿಯದು.

ಸದ್ದು ಮಾಡುತ್ತಿರುವುದು ಯಾರು?

ಗೇಮ್ ಆಡುವವರ ಕಂಪ್ಯೂಟರಿನಲ್ಲಿ ಹೆಚ್ಚು ಸದ್ದು ಮಾಡುವುದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಕಾರ್ಡ್ ಎಳೆಯುವುದು 115 ವಾಟ್, 4070 200 ವಾಟ್, 4090 450, 5090 575. 7800ಎಕ್ಸ್3ಡಿ ಥರದ ಪ್ರೊಸೆಸರ್ ಗೇಮ್‌ನಲ್ಲಿ ತನ್ನ 120 ವಾಟಿಗಿಂತ ಎಷ್ಟೋ ಕಡಿಮೆ ಎಳೆಯುತ್ತದೆ. ಅಂಥಲ್ಲಿ ಪ್ರೊಸೆಸರಿಗೆ 360ರ ಎಐಒ ಹಾಕಿ, ಕಾರ್ಡಿಗೆ ಅಗ್ಗದ ಎರಡು ಫ್ಯಾನಿನ ಮಾಡೆಲ್ ತಂದರೆ ದುಡ್ಡು ಹೋಗಬೇಕಾದ ಕಡೆ ಹೋಗಲಿಲ್ಲ ಅಂತಲೇ ಅರ್ಥ.

ಹಳೆಯ ಕಂಪ್ಯೂಟರ್ ಇದ್ದರೆ ಏನೂ ಕೊಳ್ಳುವ ಮೊದಲು ಪತ್ತೆ ಮಾಡಿ. ಫ್ಯಾನ್ ಕಂಟ್ರೋಲ್‌ನಲ್ಲಿ ಒಂದೊಂದೇ ಫ್ಯಾನನ್ನು ಅರ್ಧ ನಿಮಿಷ ಕನಿಷ್ಠಕ್ಕೆ ಇಳಿಸಿ, ಬೇರೆ ಎಲ್ಲ ಹಾಗೇ ಇರಲಿ. ಯಾವುದನ್ನು ಇಳಿಸಿದಾಗ ಕೋಣೆ ಹಗುರಾಯಿತು ಅನಿಸುತ್ತದೋ ಅದೇ ಕಳ್ಳ. ಕೆಲವು ಸಲ ಅದು ಕೇಸಿನ ಹಿಂದಿನ ಅಗ್ಗದ ಫ್ಯಾನು. ಕೆಲವು ಸಲ ಹಳೆಯ ಹಾರ್ಡ್ ಡಿಸ್ಕು, ಅದಕ್ಕೆ ಯಾವ ಕೂಲರೂ ಮದ್ದಲ್ಲ. ಮುಂಭಾಗ ಗಾಜಿನಿಂದ ಮುಚ್ಚಿದ ಕೇಸಾದರೆ ಒಳಗಿನ ಎಲ್ಲ ಫ್ಯಾನುಗಳೂ ಉಸಿರಿಗೆ ಒದ್ದಾಡುತ್ತವೆ. ಜಾಲರಿಯ ಮುಂಭಾಗದ ಕೇಸಿಗೆ ಬದಲಿಸಿದರೆ ಕೂಲರ್ ಬದಲಿಸಿದಷ್ಟೇ ಲಾಭ ಸಿಗಬಹುದು. ಜಾಲರಿಗೆ ಧೂಳು ಕಟ್ಟಿದ್ದರೂ ಅದೇ ಕಥೆ.

ವಾಟನ್ನೇ ಇಳಿಸಬಹುದು

ಚಿಪ್ ತನ್ನ ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಮುಟ್ಟಲು ವೋಲ್ಟೇಜ್ ಏರಿಸಬೇಕು. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗದಷ್ಟು ಏರುತ್ತದೆ. ಹಾಗಾಗಿ ಆ ಕೊನೆಯ ಚೂರು ವೇಗಕ್ಕೆ ತೆರುವ ಬೆಲೆ ವಿಪರೀತ. ಅದನ್ನು ಬಿಟ್ಟುಕೊಟ್ಟರೆ ಬಿಸಿ ಭಾರೀ ಇಳಿಯುತ್ತದೆ. ಎಎಂಡಿಯಲ್ಲಿ 'ಇಕೋ ಮೋಡ್' ಅಂತ ಇದೆ. ಇಂಟೆಲ್‌ನಲ್ಲಿ ಬಯಾಸ್‌ಗೆ ಹೋಗಿ ಪವರ್ ಲಿಮಿಟ್ ಇಳಿಸಬಹುದು. 253 ವಾಟಿನ ಐ9ಕ್ಕೆ 125ರ ಮಿತಿ ಹಾಕಿದರೆ ವೇಗ ಅರ್ಧವಾಗುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಇಳಿಯುತ್ತದೆ. ಆಗ ಅದಕ್ಕೂ ಒಂದು ಟವರ್ ಕೂಲರ್ ಸಾಕು. ಖರ್ಚು ಸೊನ್ನೆ. ನನ್ನ ಪ್ರಕಾರ ಕೂಲರಿನ ಬಗ್ಗೆ ತಲೆಕೆಡಿಸಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು.

ಕೆಟ್ಟರೆ ಏನಾಗುತ್ತದೆ

ಗಾಳಿ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ. ಹೊಸದು ತಂದು ಕ್ಲಿಪ್ ಹಾಕಿದರೆ ಆಯಿತು. ಲೋಹದ ಭಾಗ ಎರಡು ಮೂರು ಕಂಪ್ಯೂಟರ್ ದಾಟಿ ಉಳಿಯುತ್ತದೆ. ಎಎಂಡಿಯ ಹಳೆಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕಾಲದ ಬಹಳಷ್ಟು ಕೂಲರ್‌ಗಳು ಹೊಸ ಎಎಂ5 ಬೋರ್ಡಿಗೂ ಕೂರುತ್ತವೆ.

ಎಐಒನಲ್ಲಿ ಪಂಪ್ ಹೋದರೆ ಸಾಮಾನ್ಯವಾಗಿ ಇಡೀ ಸೆಟ್ಟನ್ನೇ ಬದಲಿಸಬೇಕು. ಟ್ಯೂಬಿನ ಮೂಲಕ ವರ್ಷಗಳಲ್ಲಿ ನೀರು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಗಾಳಿ ಪಂಪಿಗೆ ಸಿಕ್ಕರೆ ಗುಳುಗುಳು ಸದ್ದು ಶುರು. ಅದಕ್ಕೇ ಕೂರಿಸುವಾಗ ಪಂಪ್ ಎಲ್ಲಕ್ಕಿಂತ ಎತ್ತರದಲ್ಲಿ ಇರಬಾರದು, ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಮೇಲಿರಬೇಕು. ಆಗ ಗಾಳಿ ಅಲ್ಲಿ ಹೋಗಿ ಕೂರುತ್ತದೆ. ಅಸೆಂಬಲ್ ಮಾಡುವವರು ಅವಸರದಲ್ಲಿ ರೇಡಿಯೇಟರನ್ನು ಕೇಸಿನ ತಳಕ್ಕೆ ಕೂರಿಸಿದ್ದರೆ ಮುಲಾಜಿಲ್ಲದೆ ತೆಗೆಸಿ.

ಸೋರಿಕೆ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಆಪಲ್ 2004ರಲ್ಲಿ ತನ್ನ ಪವರ್ ಮ್ಯಾಕ್ ಜಿ5ರ 2.5 ಗಿಗಾಹರ್ಟ್ಸ್ ಮಾಡೆಲ್‌ಗೆ ನೀರಿನ ವ್ಯವಸ್ಥೆ ಹಾಕಿತ್ತು. ಮುಂದೆ ಅವುಗಳಲ್ಲಿ ಕೆಲವು ಸೋರಿ ಒಳಗಿನ ಭಾಗಗಳು ಹಾಳಾದವು. ಅಲ್ಲಿಂದ ಈಚೆಗೆ ಸೀಲುಗಳು ಸಾಕಷ್ಟು ಸುಧಾರಿಸಿವೆ.

ಗಾಳಿ ಕೂಲರಿನ ಕಷ್ಟ ಭಾರ ಮತ್ತು ಗಾತ್ರದ್ದು. ನಾಕ್ಟುವಾ ಎನ್‌ಎಚ್-ಡಿ15 ಫ್ಯಾನ್ ಸೇರಿ ಸುಮಾರು 1.3 ಕೆ.ಜಿ., ಎತ್ತರ 165 ಮಿ.ಮೀ. ಅಷ್ಟೂ ಮದರ್‌ಬೋರ್ಡಿಗೆ ನೇತುಬಿದ್ದಿರುತ್ತದೆ. ಕಂಪ್ಯೂಟರನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಕಳಿಸುವುದಾದರೆ ಕೂಲರ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿ. ಇಲ್ಲವಾದರೆ ದಾರಿಯ ಹಂಪುಗಳು ಬೋರ್ಡಿನ ಮೇಲೆ ಸೇಡು ತೀರಿಸಿಕೊಳ್ಳುತ್ತವೆ.

ಹಾಗಾದರೆ ಯಾವುದು?

ಐ5, ರೈಜೆನ್ 5, 7800ಎಕ್ಸ್3ಡಿ ಥರದ ಚಿಪ್, ಸಾಧಾರಣ ಗಾತ್ರದ ಕೇಸು, ಆಫೀಸ್ ಕೆಲಸವೋ ಗೇಮೋ ಇದ್ದರೆ ಟವರ್ ಕೂಲರ್ ತೆಗೆದುಕೊಳ್ಳಿ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120, ಡೀಪ್‌ಕೂಲ್ ಎಕೆ620 ಥರದ ಎರಡು ಗೋಪುರದ ಮಾಡೆಲ್‌ಗಳು ಇದಕ್ಕೆ ಧಾರಾಳ. ಉಳಿದ ದುಡ್ಡಿನಲ್ಲಿ ಎರಡು ಒಳ್ಳೆಯ ಕೇಸ್ ಫ್ಯಾನ್ ಬರುತ್ತವೆ, ಸದ್ದಿಗೆ ಅವೇ ಹೆಚ್ಚು ಮದ್ದು.

ವಿಡಿಯೋ ರೆಂಡರಿಂಗ್, ತ್ರೀಡಿ ಕೆಲಸ ಅಂತ ದೊಡ್ಡ ಚಿಪ್ಪನ್ನು ಗಂಟೆಗಟ್ಟಲೆ 200 ವಾಟಿನ ಮೇಲೆ ದುಡಿಸುವವರಿಗೆ, ವಾಟ್ ಇಳಿಸಲೂ ಇಷ್ಟವಿಲ್ಲದಿದ್ದರೆ, 360ರ ಎಐಒ ಸರಿ. ಚಿಕ್ಕ ಕೇಸಿನಲ್ಲಿ ಎತ್ತರದ ಟವರ್ ಹಿಡಿಸದಿದ್ದರೂ ಆ ಕೇಸಿಗೆ ಹಿಡಿಸುವ ಎಐಒ ದಾರಿ. ಆದರೆ 120ರ ಒಂದೇ ಫ್ಯಾನಿನ ಎಐಒ ಬೇಡವೇ ಬೇಡ. ಪಂಪಿನ ಸದ್ದೂ ಉಂಟು, ಫ್ಯಾನಿನ ಓಟವೂ ಉಂಟು. ಅಂದಕ್ಕಾಗಿ, ಬಣ್ಣದ ದೀಪಕ್ಕಾಗಿ ನೀರಿನದು ಬೇಕು ಅಂದರೆ ಅದು ನಿಮ್ಮಿಷ್ಟ, ಅದಕ್ಕೆ ಸದ್ದಿನ ನೆಪ ಬೇಕಿಲ್ಲ.

ಕೊಳ್ಳುವಾಗ ಕೇಸಿನ ವಿವರದಲ್ಲಿ ಸಿಪಿಯು ಕೂಲರಿನ ಗರಿಷ್ಠ ಎತ್ತರ ಎಷ್ಟು ಅಂತ ಬರೆದಿರುತ್ತದೆ, ಅದನ್ನು ಕೂಲರಿನ ಎತ್ತರದ ಜೊತೆ ಹೋಲಿಸಿ. ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನ್ ಅದಕ್ಕೆ ತಾಗುತ್ತದಾ ನೋಡಿ. ಮನೆಯಲ್ಲೇ ಕೂರಿಸುವುದಾದರೆ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಕಿತ್ತುಹಾಕಿ. ಅದನ್ನು ಮರೆತು, ಮೇಲೆ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಮುಲಾಮು) ಹಚ್ಚಿ, ಆಮೇಲೆ ಕೂಲರ್ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಹೋಗುವವರು ಕಡಿಮೆಯೇನಿಲ್ಲ.